ನಾಲ್ಕಕ್ಷರ

ನಾಲ್ಕಕ್ಷರ ಕಲಿ ಮಗನೇ ಅಂದಿದ್ದರು ನಮ್ಮಪ್ಪ.
ಕಲಿತೆ. ನೀ. ಲಾಂ. ಬಿ. ಕಾ.
ಮೂವತ್ತೊಂಬತ್ತು ಬಸ್ಸು, ಎಡ ಬಲ ಹಿಂದೆ ಮುಂದೆ,
ಕೆಂಪು ಅಕ್ಷರ, ಹಳದಿ ನೆರಳು,
ಸೊನ್ನೆಯೊಳಗೆ ಒಂದು ಬಿಳಿ ಚುಕ್ಕಿ.
ಅದು ಯಾರೂ ಹೇಳಿದ್ದಲ್ಲ, ನನ್ನದೇ ಹುಚ್ಚು.

ತೊಟ್ಟಿಲ ಶಾಸ್ತ್ರ ಮುಗಿಸಿದ ಮಾರನೇ ದಿನ
ಸಾಗರ ರಸ್ತೆಯ ನಮ್ಮ ಶೆಡ್ಡಿಗೆ ಬಂದು
ಷಡಕ್ಷರಪ್ಪನವರು ಪೇಡೆ ಕೊಟ್ಟರು, ಚೀಟಿ ಕೊಟ್ಟರು.
'ದಸ್ತಗೀರ್, ಸದ್ಯಕ್ಕೆ ಇರೋದು ಒಂದೇ ಬಸ್ಸು. ದೊಡ್ಡದಾಗಿ ಬರಿ.'
ಬರೆದೆ. ಬಣ್ಣ ಪೂರ್ತಿ ಒಣಗುವ ಮುಂಚೆ
ಆಯನೂರು ದಾಟಿತ್ತು ಹೆಸರು,
ರಿಪ್ಪನ್‌ಪೇಟೆ ಸಂತೆಯಲ್ಲಿ ಬೆಲ್ಲ, ಕೋಳಿ ಹೇರಿಕೊಂಡಿತ್ತು.
ಹೆಸರಿನವಳಿಗೆ ಇನ್ನೂ ಕತ್ತು ನಿಂತಿರಲಿಲ್ಲ.

ಹಲ್ಲು ಬಂದಾಗ ಬಸ್ಸು ಮೂರು, ಶಾಲೆ ಸೇರಿದಾಗ ಎಂಟು,
ಮೈನೆರೆದ ವರ್ಷ ಪೆಟ್ರೋಲ್ ಬಂಕು, ಆಮೇಲೆ ಕಲ್ಯಾಣಮಂಟಪ.
ಎಲ್ಲಕ್ಕೂ ಅದೇ ಹೆಸರು, ಅದೇ ನನ್ನ ಬ್ರಶ್ಶು.
ಊರಿಗೆ ಅವಳ ಮುಖ ಗೊತ್ತಿರಲಿಲ್ಲ;
ಹೆಸರು ಮಾತ್ರ ಟೈಮಿಗೆ ಸರಿಯಾಗಿ ಬರುತ್ತಿತ್ತು.

ಅವಳು ಬಸ್ಸು ಹತ್ತಿದವಳಲ್ಲ. ಕಪ್ಪು ಗಾಜಿನ ಕಾರು.
ಒಂದೇ ಒಂದು ಸಲ, ಒಂಬತ್ತನೇ ಕ್ಲಾಸಿರಬೇಕು,
ಡ್ರೈವರ್ ಕಣ್ಣು ತಪ್ಪಿಸಿ ಹತ್ತಿದಳಂತೆ ಏಳೂಕಾಲರ ಗಾಡಿ.
ಕಂಡಕ್ಟರ್ ತಿಪ್ಪೇಶಿ ನಡುಗಿಬಿಟ್ಟ:
'ನಿಮ್ಮ ಹತ್ರ ದುಡ್ಡಾ, ಅಮ್ಮಾವ್ರೇ?'
'ಟಿಕೆಟ್ ಕೊಡಿ.'
'ಎಲ್ಲಿಗೆ?'
'ಕೊನೇ ಸ್ಟಾಪು ಯಾವ್ದು?'
ಆಯನೂರಲ್ಲಿ ಕಾರು ಅಡ್ಡ ನಿಂತಿತ್ತು.
ತಿಪ್ಪೇಶಿಗೆ ಮೂರು ದಿನ ಡ್ಯೂಟಿ ಇರಲಿಲ್ಲ.

ಅದೇ ವರ್ಷ ಅಪ್ಪನ ಜೊತೆ ಶೆಡ್ಡಿಗೆ ಬಂದಳು, ಹೊಸ ಗಾಡಿ ನೋಡಲು.
ಸಾಹುಕಾರರು ಫೋನಿನಲ್ಲಿದ್ದಾಗ
ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು,
'ಮಾಮ, ಇದು ನಂದಲ್ವಾ? ನಾನೊಂದ್ಸಲ ಬರೀಲಾ?'
ಬ್ರಶ್ಶು ಕೊಟ್ಟೆ.
ಟೂಲ್ ಬಾಕ್ಸಿನ ಮುಚ್ಚಳದ ಒಳಮೈಗೆ ಬರೆದಳು,
ಯಾರಿಗೂ ಕಾಣದ ಕಡೆ.
'ಬಿ'ಯ ಗುಡಿಸು ಜಾರಿ ಬಣ್ಣ ಇಳಿಯಿತು,
ಕಣ್ಣೀರಿನ ಹಾಗೆ ಅನ್ನಲಾರೆ,
ಬಣ್ಣ ಇಳಿಯುವ ಹಾಗೇ ಇಳಿಯಿತು.
ನಕ್ಕಳು. ಸೀಮೆಎಣ್ಣೆಯಲ್ಲಿ ಬೆರಳು ತೊಳೆದುಕೊಂಡಳು.

ಇಪ್ಪತ್ತಮೂರಕ್ಕೆ ಹೋದಳು. ಪುಣೆಯಲ್ಲಿ.
ಅಪಘಾತ ಅಂದರು. ಪೇಪರಿನಲ್ಲಿ ಅರ್ಧ ಪುಟ ಫೋಟೊ, ಕೆಳಗೆ ಅಪಘಾತ.
ಯಾರನ್ನೋ ಒಪ್ಪಿದ್ದಳಂತೆ, ಮನೆಯವರು ಒಪ್ಪಲಿಲ್ಲವಂತೆ,
ಅಂತೆಯ ಮಾತು ನನಗೇಕೆ.
ಆದರೆ ಆ ಮನೆಯ ಯಾವ ಗಾಡಿ ಎಲ್ಲಿ ತಾಗಿದರೂ
ಕೊನೆಗೆ ಬರುವುದು ನಮ್ಮ ಶೆಡ್ಡಿಗೆ.
ಕಾದೆ. ಒಂದು ವಾರ. ಒಂದು ತಿಂಗಳು.
ನೆಗ್ಗಿದ ಬಾನೆಟ್ಟಿಲ್ಲ, ಒಡೆದ ದೀಪವಿಲ್ಲ.
ಟಿಂಕರ್ ಫರ್ನಾಂಡಿಸ್ ನನ್ನ ಮುಖ ನೋಡಿದ, ನಾನು ಅವನದು.
ಸುತ್ತಿಗೆ ಎತ್ತಿಕೊಂಡ, ಬೇರೆ ಯಾರದೋ ಕೆಲಸಕ್ಕೆ.

ಆಮೇಲೆ ಅವರೇ ಬಂದರು. ಪ್ರೈಮರ್ ಡಬ್ಬದ ಮೇಲೆ ಕೂತರು.
'ಅಳಿಸಿಬಿಡು ದಸ್ತಗೀರ್. ದಿನಾ ಎದುರಿಗೆ ಬರ್ತಾಳೆ.
ಗೋಪಿ ಸರ್ಕಲ್ಲಲ್ಲಿ ಬರ್ತಾಳೆ, ಹೊಳೆ ಸೇತುವೆ ಮೇಲೆ ಬರ್ತಾಳೆ,
ಹಿಂದಿನಿಂದ ಹಾರನ್ ಹೊಡೀತಾಳೆ.'
ಏನು ಬರೀಲಿ ಅಂದೆ.
ಕೈ ಬೀಸಿದರು. 'ಯಾವ್ದಾದ್ರೂ ದೇವರದ್ದು.'

ಉಪ್ಪುಕಾಗದ ಹಿಡಿದು ಉಜ್ಜಿದೆ, ದಿನಕ್ಕೆ ಎರಡು ಬಸ್ಸು.
ಕೆಂಪು ಧೂಳು ರೆಪ್ಪೆಗೆ, ಕೆಂಪು ಧೂಳು ಊಟದ ಡಬ್ಬಿಗೆ.
ಹೆಸರು ಹಾಕಿದ್ದಕ್ಕಿಂತ ತೆಗೆದಿದ್ದಕ್ಕೆ ಕೂಲಿ ಹೆಚ್ಚು ಸಿಕ್ಕಿತು.
ಟೂಲ್ ಬಾಕ್ಸಿನ ಮುಚ್ಚಳ ಮಾತ್ರ ನಾನು ತೆರೆಯಲಿಲ್ಲ.

ರಿಪ್ಪನ್‌ಪೇಟೆಯ ಮುದುಕಿಯರು ಹೊಸ ಹೆಸರು ಓದುವುದಿಲ್ಲ.
ನಮ್ಮ ಕಡೆ ಬಸ್ಸಿಗೂ ಹೆಣ್ಣುಮಗುವಿಗೂ ಒಂದೇ ಮಾತು:
ಬಂತು, ಹೋಯ್ತು.
'ನೀಲಾಂಬಿಕಾ ಹೋಯ್ತಾ?' ಅನ್ನುತ್ತಾರೆ ಏದುಸಿರಲ್ಲಿ,
ಕಂಕುಳಲ್ಲಿ ಕೋಳಿ.
'ಇಲ್ಲಜ್ಜಿ,' ಅನ್ನುತ್ತಾನೆ ತಿಪ್ಪೇಶಿ,
'ನಿಂತಿದೆ. ನಿಧಾನ ಹತ್ತಿ.'